ಎಂಟು ಸ್ವಿಚ್ಚುಗಳ ಸಾಲು

ಇದನ್ನು ಬರೆಯಬೇಕೆಂದು ಎಷ್ಟು ಸಲ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೋ ನನಗೇ ಗೊತ್ತಿಲ್ಲ. ಒಂದು ಸಲ ಪೆನ್ನು ಸರಿಯಿಲ್ಲ ಅಂದುಕೊಂಡೆ, ಇನ್ನೊಂದು ಸಲ ಕನ್ನಡಕದ ನಂಬರು ಬದಲಾಗಿದೆ ಅಂದುಕೊಂಡೆ. ಬೇಸಿಗೆ ಕಳೆಯಲಿ ಎಂದೆ. ಬಳ್ಳಾರಿಯಲ್ಲಿ ಬೇಸಿಗೆ ಕಳೆಯುವುದನ್ನು ಕಾಯುತ್ತ ಕೂತವನು ಯಾವ ಕೆಲಸವನ್ನೂ ಮಾಡುವುದಿಲ್ಲ. ನಿಜ ಹೇಳಬೇಕೆಂದರೆ, ಹೇಳಬೇಕಾದದ್ದು ನನ್ನ ತಪ್ಪು. ಅದಕ್ಕೇ ಮುಂದೂಡುತ್ತ ಬಂದೆ.

ಈಗ ಬರೆಯಲು ಕೂರಿಸಿದವಳು ನನ್ನ ಸೊಸೆ, ಅದೂ ಅವಳಿಗೆ ಗೊತ್ತಿಲ್ಲದ ಹಾಗೆ. ಅವಳು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅವಳ ಹಳೆಯ ಲ್ಯಾಪ್‌ಟಾಪ್ ಎತ್ತಿನ ಗಾಡಿಗಿಂತ ನಿಧಾನವಾಗಿತ್ತು. ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿದರೆ ಅದಕ್ಕೆ ಹೊಸ ಜೀವ ಬರುತ್ತದೆ ಎಂದು ಯಾರೋ ಹೇಳಿದರಂತೆ, ಅದನ್ನು ಪೆನ್ ಡ್ರೈವಿಗೆ ತುಂಬಿಸಿಕೊಂಡು ಬಂದಳು. ಎರಡು ದಿನ ಒದ್ದಾಡಿದಳು. ಲ್ಯಾಪ್‌ಟಾಪು ಪೆನ್ ಡ್ರೈವಿನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮಗ ಪೆನ್ ಡ್ರೈವೇ ಕೆಟ್ಟಿದೆ ಎಂದು ಹೊಸದು ತಂದ. ಅದಕ್ಕೂ ಅದೇ ಗತಿ. ಕೊನೆಗೆ ಅವಳೇ ಯಾವುದೋ ಕೀಲಿ ಒತ್ತಿ ಒಳಗಿನ ಪಟ್ಟಿ ತೆರೆದು ನೋಡಿದರೆ, ಯಾವುದನ್ನು ಓದಿ ಏಳಬೇಕೆಂದು ಲ್ಯಾಪ್‌ಟಾಪಿಗೆ ಹೇಳುವ ಬೂಟ್ ಮೋಡ್ ಎನ್ನುವುದು ಬೇರೆ ರೀತಿಯಲ್ಲಿತ್ತು. ಬದಲಿಸಿದಳು. ಶುರುವಾಯಿತು.

"ಪೆನ್ ಡ್ರೈವಿನ ತಪ್ಪೇ ಇರ್ಲಿಲ್ಲ ನೋಡ್ರಿ ಮಾವಾ," ಎಂದಳು. "ಸುಮ್ನ ಅದನ್ನ ಬೈದ್ವಿ."

ನಾನು ಮೊದಲು ನಕ್ಕೆ. ಆಮೇಲೆ ಎದ್ದು ಹೊರಗೆ ಹೋಗಿ ನಿಂತೆ. ತಪ್ಪೇ ಇಲ್ಲದೆ ಬೈಸಿಕೊಂಡವರೊಬ್ಬರು ನನಗೆ ಗೊತ್ತಿದ್ದರು.

ಅರವತ್ತರ ದಶಕದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ನಾನು ಬಳ್ಳಾರಿಯ ಕೌಲ್ ಬಜಾರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದೆ. ಕಲಿಯಲು ಸೇರಿದವನು ಅಲ್ಲೇ ಉಳಿದೆ. ನನ್ನ ಬೆರಳುಗಳಿಗೆ ಟೈಪು ಹೊಡೆಯುವುದಕ್ಕಿಂತ ಟೈಪ್‌ರೈಟರ್ ಬಿಚ್ಚುವುದು ಚೆನ್ನಾಗಿ ಒಲಿಯಿತು. ಕೀಲಿ ಒತ್ತಿದರೆ ಮೇಲೆದ್ದು ಕಾಗದಕ್ಕೆ ಬಡಿಯುವ ಅಕ್ಷರದ ಕಡ್ಡಿಗಳಿರುತ್ತವಲ್ಲ, ಅವು ಬಡಿದು ಬಂದ ಮೇಲೆ ತಮ್ಮ ಜಾಗದಲ್ಲಿ ಒಂದೇ ಸಾಲಾಗಿ ಮಲಗಬೇಕು. ಒಂದು ಕಡ್ಡಿ ಕೂದಲೆಳೆಯಷ್ಟು ಎದ್ದಿದ್ದರೂ ಪಕ್ಕದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಇಪ್ಪತ್ತು ವರ್ಷ ನಾನು ಮಾಡಿದ್ದೇ ಅದು. ಸಾಲು ತಪ್ಪಿದ್ದನ್ನು ಕಂಡರೆ ಸಾಲಿಗೆ ತರುವುದು. ಮನೆಯಲ್ಲಿ ಚಪ್ಪಲಿ ಓರೆಯಾಗಿ ಬಿದ್ದಿದ್ದರೂ ಸರಿಮಾಡದೆ ಒಳಗೆ ಹೋಗುತ್ತಿರಲಿಲ್ಲ.

ಇನ್‌ಸ್ಟಿಟ್ಯೂಟಿನ ಮಾಲೀಕರನ್ನು ಎಲ್ಲರೂ ಪ್ರಿನ್ಸಿಪಾಲರು ಎನ್ನುತ್ತಿದ್ದರು. ದೊಡ್ಡ ಕಾಲೇಜನ್ನೇ ನಡೆಸುವವರ ಹಾಗೆ ಕೋಟು ಹಾಕಿಕೊಂಡು ಬರುತ್ತಿದ್ದರು. ಬಳ್ಳಾರಿಯ ಬಿಸಿಲಿಗೆ ಅವರು ಬೆವರಿದಷ್ಟು ಬೇರೆ ಯಾರೂ ಬೆವರಿರಲಾರರು. ಎಂಬತ್ತರ ದಶಕ ಅರ್ಧ ದಾಟಿದ ಮೇಲೆ ಅವರಿಗೆ ಕಂಪ್ಯೂಟರಿನ ಆಸೆ ಹತ್ತಿತು. ಹೈದರಾಬಾದಿನಿಂದ, ಯಾರೋ ಬಳಸಿ ಬಿಟ್ಟ ಒಂದು ಹಳೆಯ ಕಂಪ್ಯೂಟರು ಬಸ್ಸಿನ ಮೇಲೆ ಹಾಸಿಗೆ ಸುತ್ತಿಕೊಂಡು ಬಂತು. ಅದಕ್ಕೊಂದು ಕೋಣೆ, ಎರಡು ಟೇಬಲ್ ಫ್ಯಾನು, ಕಿಟಕಿಗೆ ನೀಲಿ ಪರದೆ. ಕೋಣೆಯ ಹೊರಗೆ ಚಪ್ಪಲಿ ಬಿಡಬೇಕು. ಪ್ರಿನ್ಸಿಪಾಲರಂತೂ ಒಳಗೆ ಹೋಗುವ ಮುಂಚೆ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಆ ಕಂಪ್ಯೂಟರಿನ ಜೊತೆಗೇ ಬಂದವಳು ಆಕೆ. ಕುರುಗೋಡಿನವಳು, ಪ್ರೈಮರಿ ಶಾಲೆಯ ಮಾಸ್ತರರ ಮಗಳು. ನಮ್ಮಲ್ಲೇ ಕನ್ನಡ, ಇಂಗ್ಲಿಷು ಎರಡರಲ್ಲೂ ಸೀನಿಯರ್ ಟೈಪಿಂಗ್ ಮುಗಿಸಿದ್ದಳು. ಹೈದರಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಮೂರು ತಿಂಗಳು ಕಂಪ್ಯೂಟರು ಕಲಿತು ಬಂದಿದ್ದಳು. ದಿನಾ ಬೆಳಿಗ್ಗೆ ಕುರುಗೋಡಿನ ಬಸ್ಸು ಇಳಿದು, ಧೂಳು ಝಾಡಿಸಿಕೊಂಡು, ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಪ್ರಿನ್ಸಿಪಾಲರು ಅವಳಿಗೆ ಒಂದು ಮಾತು ಕೊಟ್ಟಿದ್ದರು: ದಸರೆ ಮುಗಿದ ಸೋಮವಾರ ಕಂಪ್ಯೂಟರ್ ವಿಭಾಗದ ಉದ್ಘಾಟನೆ, ಅವತ್ತು ನಾಲ್ಕು ಮಂದಿಯ ಮುಂದೆ ಕಂಪ್ಯೂಟರು ನಡೆಸಿ ತೋರಿಸಿದರೆ ಅಲ್ಲೇ ಶಿಕ್ಷಕಿಯ ನೇಮಕದ ಪತ್ರ. ಪತ್ರ ಕೈಗೆ ಬಂದರೆ ಮಾತ್ರ ಮುಂದೆಯೂ ದಿನಾ ಬಸ್ಸಿಗೆ ಓಡಾಡಲು ಬಿಡುವುದಾಗಿ ಅವಳ ತಂದೆ ಹೇಳಿದ್ದರಂತೆ. ಆ ಪತ್ರಕ್ಕಾಗಿ ಅವಳು ಎಷ್ಟು ಆಸೆಪಟ್ಟಿದ್ದಳೆಂದರೆ, ಕರಿಹಲಗೆಯ ಮೇಲೆ ಬರೆಯುವ ಮೊದಲ ಪಾಠವನ್ನು ಆಗಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು.

ನನಗೆ ಹೊಟ್ಟೆಕಿಚ್ಚು ಇತ್ತೇ? ಇತ್ತು. ಇಪ್ಪತ್ತು ವರ್ಷ ಎಣ್ಣೆ ಮೆತ್ತಿದ ಕೈ ನನ್ನದು. ಪ್ರಿನ್ಸಿಪಾಲರು ನನ್ನನ್ನು ಕರೆಯುತ್ತಿದ್ದದ್ದು "ಲೇ ಮೆಕ್ಯಾನಿಕ್" ಎಂದು. ನಿನ್ನೆ ಮೊನ್ನೆ ಬಂದವಳನ್ನು "ಬರ್ರಿ ಮೇಡಂ" ಎನ್ನುತ್ತಿದ್ದರು. ಆದರೂ ಅವಳ ಮೇಲೆ ಸಿಟ್ಟು ಮಾಡುವುದು ಕಷ್ಟವಾಗಿತ್ತು. ನನ್ನನ್ನು ಅಣ್ಣಾ ಎನ್ನುತ್ತಿದ್ದಳು. ತಂದ ಬುತ್ತಿಯಲ್ಲಿ ಶೇಂಗಾ ಚಟ್ನಿ ಇದ್ದರೆ ನನ್ನ ಪಾಲು ತೆಗೆದಿಡುತ್ತಿದ್ದಳು. ಕಂಪ್ಯೂಟರು ಹೇಗೆ ಎಚ್ಚರಾಗುತ್ತದೆ ಎಂದು ನನಗೆ ಹೇಳಿಕೊಟ್ಟವಳೂ ಅವಳೇ.

"ಇದಕ್ಕ ನೆನಪಿಲ್ಲ ಅಣ್ಣಾ. ದಿನಾ ಹೊಸದಾಗಿ ಹುಟ್ಟತೈತಿ. ಈ ಕಪ್ಪು ಫ್ಲಾಪಿ ಬಾಯಾಗ ಇಟ್ರ, ಅದನ್ನ ಓದಿ, ನಾನ್ಯಾರು, ಏನ್ ಮಾಡ್ಬೇಕು ಅಂತ ತಿಳ್ಕಂತೈತಿ."

"ನಮ್ಮ ಪ್ರಿನ್ಸಿಪಾಲರಂಗ," ಎಂದೆ. ಅವರೂ ಪ್ರತಿ ದಿನ ಪೇಪರು ಓದುವ ತನಕ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅವಳು ನಗುವುದನ್ನು ನಿಲ್ಲಿಸಲು ಸೆರಗು ಬಾಯಿಗೆ ಒತ್ತಿಕೊಂಡಳು.

ದಸರೆ ಬಂತು. ರಜೆಗೆ ಊರಿಗೆ ಹೋಗುವಾಗ ಅವಳು ತೆಳು ಪ್ಲಾಸ್ಟಿಕ್ಕಿನ ಆ ಫ್ಲಾಪಿಯನ್ನೂ ಅದರ ನಕಲನ್ನೂ ಬ್ಯಾಗಿನಲ್ಲಿಟ್ಟುಕೊಂಡು ಹೋದಳು. ಇನ್‌ಸ್ಟಿಟ್ಯೂಟಿನ ಮೇಲ್ಛಾವಣಿ ತಗಡಿನದು, ಮುಚ್ಚಿದ ಕೋಣೆಯ ಕಾವಿಗೆ ಅವು ಬಾಗಿಹೋಗುತ್ತವೆ ಎಂದು ಅವಳ ಭಯ. ಅದು ಸರಿಯಾದ ಭಯವೇ.

ಆಯುಧಪೂಜೆಯ ದಿನ ನಮ್ಮಲ್ಲಿ ಟೈಪ್‌ರೈಟರುಗಳ ಹಬ್ಬ. ಬೆಳಿಗ್ಗೆಯಿಂದ ಒಂದೊಂದನ್ನೇ ಬಿಚ್ಚಿ, ಬ್ರಶ್ಶಿನಿಂದ ಉಜ್ಜಿ, ಎಣ್ಣೆ ಬಿಟ್ಟು, ಒಳಗೂ ಹೊರಗೂ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡುಹೂವು ಏರಿಸಿ ಸಾಲಾಗಿ ಇಡುವುದು. ಅದು ನನ್ನ ಕೆಲಸ, ನನ್ನ ಹೆಮ್ಮೆ. ಒಳಗೆ ಧೂಳಿಟ್ಟುಕೊಂಡ ಮಷಿನ್ನಿಗೆ ಹೊರಗೆ ಹೂ ಏರಿಸುವುದು ನನ್ನ ಮನಸ್ಸಿಗೆ ಒಪ್ಪುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಕಂಪ್ಯೂಟರು ಉಳಿಯಿತು. ಅದೂ ಆಯುಧವೇ ಅಲ್ಲವೇ? ಸ್ಕ್ರೂ ತೆಗೆದು ಮುಚ್ಚಳ ಎತ್ತಿದೆ. ಹೈದರಾಬಾದಿನ ಧೂಳು ಬೆರಳುದಪ್ಪ ಕೂತಿತ್ತು. ಒಣ ಬ್ರಶ್ಶಿನಿಂದ ಮೆಲ್ಲಗೆ ತೆಗೆದೆ. ಆಗ ಕಂಡದ್ದು ಅದು: ಹಸಿರು ಹಲಗೆಯ ಮೂಲೆಯಲ್ಲಿ ಎಂಟು ಪುಟ್ಟ ಬಿಳಿ ಸ್ವಿಚ್ಚುಗಳು, ಎಳೆ ಮಗುವಿನ ಹಲ್ಲಿನ ಹಾಗೆ. ಆರು ಕೆಳಕ್ಕೆ, ಎರಡು ಮೇಲಕ್ಕೆ.

ಸಾಲು ತಪ್ಪಿತ್ತು. ಬಸ್ಸಿನ ಕುಲುಕಾಟಕ್ಕೆ ಎದ್ದಿರಬೇಕು ಅಂದುಕೊಂಡೆ. ಅಕ್ಷರ ಶುಚಿ ಮಾಡುವ ಸೂಜಿಯಿಂದ ಎರಡನ್ನೂ ಕೆಳಗೆ ತಳ್ಳಿದೆ. ಎಂಟೂ ಒಂದೇ ಸಾಲಿಗೆ ಬಂದವು. ನೋಡಲು ಎಷ್ಟು ಚೆಂದವಾಯಿತೆಂದರೆ, ಒಳಗಿನ ತಗಡಿನ ಪೆಟ್ಟಿಗೆಗೂ ಮೂರು ಎಳೆ ವಿಭೂತಿ ಹಚ್ಚಿ ಮುಚ್ಚಳ ಹಾಕಿದೆ.

ಇಲ್ಲಿಯ ತನಕ ನಾನು ಪಾಪ ಮಾಡಿರಲಿಲ್ಲ. ದಡ್ಡತನ ಮಾಡಿದ್ದೆ ಅಷ್ಟೆ.

ಸೋಮವಾರ ಬೆಳಿಗ್ಗೆ ಉದ್ಘಾಟನೆಗೆ ಬಂದ ಅತಿಥಿಗಳೆಲ್ಲ ಚಪ್ಪಲಿ ಬಿಟ್ಟು ಒಳಗೆ ಕೂತರು. ಅವಳು ಹಸಿರು ಸೀರೆ ಉಟ್ಟಿದ್ದಳು. ಫ್ಲಾಪಿ ಇಟ್ಟು ಸ್ವಿಚ್ ಒತ್ತಿದಳು. ಕಂಪ್ಯೂಟರು ಕುಂಯ್ ಎಂದಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡೇ ಅಕ್ಷರದ ಒಂದು ಮಾತು ಬಂತು: ಓಕೆ. ಅಷ್ಟೇ. ಮುಂದೆ ಏನೂ ಇಲ್ಲ. ಆರಿಸಿ ಮತ್ತೆ ಹಚ್ಚಿದಳು. ಮತ್ತೆ ಓಕೆ. ನಕಲು ಫ್ಲಾಪಿ ಇಟ್ಟಳು. ಅದಕ್ಕೂ ಓಕೆ.

"ಓಕೆ ಅನ್ನಾಕತ್ತೈತಲ್ಲವ್ವಾ, ಮತ್ತೇನು ತಡ?" ಎಂದರು ಪ್ರಿನ್ಸಿಪಾಲರು, ಅತಿಥಿಗಳ ಕಡೆ ನಗುತ್ತ.

"ಬರೇ ಓಕೆ ಅಂತೈತ್ರಿ ಸಾರ್. ಫ್ಲಾಪಿ ಓದವಲ್ದು."

ಅತಿಥಿಗಳು ಉಪ್ಪಿಟ್ಟು ತಿಂದು, ಕಂಪ್ಯೂಟರು ಓಕೆ ಅನ್ನುವುದನ್ನು ನಾಲ್ಕು ಸಲ ನೋಡಿ, ಬಹಳ ಚೆನ್ನಾಗಿದೆ ಎಂದು ಹೇಳಿ ಹೋದರು. ಪಾಪ, ಕೆಲವರು ನಿಜಕ್ಕೂ ಅಷ್ಟೇ ಅದರ ಕೆಲಸ ಎಂದುಕೊಂಡಿದ್ದರು. ಆದರೆ ಪ್ರಿನ್ಸಿಪಾಲರಿಗೆ ತಿಳಿದಿತ್ತು. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಮಾರಿದವನಿಗೆ ಹೈದರಾಬಾದಿಗೆ ಟ್ರಂಕ್ ಕಾಲ್ ಹಚ್ಚಿದರು. ಅರ್ಧ ಗಂಟೆ ಕಾದ ಮೇಲೆ ಲೈನು ಸಿಕ್ಕಿತು. ಆ ಕಡೆಯಿಂದ ಅವನು ತೆಲುಗಿನಲ್ಲಿ ಕೂಗಿದ್ದು ನಮಗೂ ಕೇಳಿಸಿತು: "ಫ್ಲಾಪಿ ಪೋಯಿಂದಿ ಸಾರ್!"

"ಫ್ಲಾಪಿ ಹೋಗೈತಂತ," ಎಂದು ಪ್ರಿನ್ಸಿಪಾಲರು ಫೋನಿಟ್ಟರು. "ಎಲ್ಲಿಟ್ಟಿದ್ದಿ ಅವನ್ನ?"

"ನನ್ನ ಬ್ಯಾಗಿನ್ಯಾಗ್ರಿ. ಊರಿಗೆ ಒಯ್ದಿದ್ದೆ."

"ಕುರುಗೋಡಿಗೆ? ಆ ಬಸ್ಸಿನ್ಯಾಗ? ಆ ಕುಲುಕಿಗೆ ಮನುಷ್ಯಾರ ಕೀಲಾ ಕಳಚತಾವು, ಇನ್ನ ಫ್ಲಾಪಿ ಉಳಿತಾವೇನು!"

"ಸಾರ್, ಫ್ಲಾಪಿ ಕೆಟ್ಟಿದ್ರ ಇಲ್ಲಿ ಕೆಂಪು ದೀಪ ಹತ್ತಿ, ಓದಾಕ ನೋಡಿ, ಬರಂಗಿಲ್ಲ ಅಂತಿತ್ತು. ದೀಪಾನ ಹತ್ತವಲ್ದು. ಇದು ಫ್ಲಾಪಿ ಕಡಿ ನೋಡವಲ್ದ್ರಿ. ಒಳಗ ಏನೋ ಬದಲಾಗೈತಿ." ನನ್ನ ಕಡೆ ತಿರುಗಿದಳು. "ಅಣ್ಣಾ, ನೀವರ ಹೇಳ್ರಿ."

ಇದೇ ಆ ಗಳಿಗೆ. ಒಳಗೆ ಏನೋ ಬದಲಾಗಿದೆ ಎಂದು ಅವಳ ಬಾಯಿಂದ ಬಂದ ಕೂಡಲೇ ನನಗೆ ಎಂಟು ಬಿಳಿ ಹಲ್ಲುಗಳು ಕಣ್ಣಮುಂದೆ ನಿಂತವು. ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ: "ನನಗೇನ್ ಗೊತ್ತವ್ವಾ ಕಂಪ್ಯೂಟರಿಂದು. ನಾನು ಟೈಪ್‌ರೈಟರಿನಾವ."

ಪ್ರಿನ್ಸಿಪಾಲರು ಅವಳಿಗೆ, ಮಷಿನ್ನು ಸರಿಯಾಗುವ ತನಕ ಮನೆಯಲ್ಲೇ ಇರು ಎಂದರು. ನೇಮಕದ ಪತ್ರದ ಮಾತು ಯಾರೂ ಎತ್ತಲಿಲ್ಲ. ಅವಳು ಫ್ಲಾಪಿಗಳನ್ನು ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿದುಹೋದಳು.

ಮಧ್ಯಾಹ್ನ ಪ್ರಿನ್ಸಿಪಾಲರು ಊಟಕ್ಕೆ ಹೋದಾಗ ನಾನು ಮುಚ್ಚಳ ತೆಗೆದೆ. ಮುಚ್ಚಳದ ಒಳಮೈಗೆ ಒಂದು ಹಳದಿ ಚೀಟಿ ಅಂಟಿಸಿದ್ದರು; ಹಬ್ಬದ ದಿನ ಅದನ್ನು ನೋಡಿಯೂ ಓದಿರಲಿಲ್ಲ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಅಕ್ಷರ ಕೂಡಿಸಿ ಓದಿದೆ. ಎಂಟು ಸ್ವಿಚ್ಚಿನ ಚಿತ್ರ, ಎದುರಿಗೆ ಒಂದೊಂದರ ಕೆಲಸ. ಮೊದಲನೆಯದು ಕೆಳಗಿದ್ದರೆ ಫ್ಲಾಪಿ ಇಲ್ಲವೆಂದು ತಿಳಿದು ಕಂಪ್ಯೂಟರು ತನ್ನೊಳಗಿನ ಚಿಕ್ಕ ವಿದ್ಯೆಯಿಂದಲೇ ಎದ್ದು ಕೂರಬೇಕು. ಮೇಲಿದ್ದರೆ ಫ್ಲಾಪಿ ಹುಡುಕಬೇಕು. ಏಳನೆಯದು ಫ್ಲಾಪಿಯ ಬಾಯಿಗಳು ಎಷ್ಟು ಎಂದು ಹೇಳುವುದು. ಅಂದರೆ ನಾನು ಅದಕ್ಕೆ, ನಿನಗೆ ಬಾಯೇ ಇಲ್ಲ ಎಂದು ಹೇಳಿಟ್ಟಿದ್ದೆ. ಅದು ವಿಧೇಯವಾಗಿ ಓಕೆ ಎನ್ನುತ್ತಿತ್ತು.

ಸೂಜಿಯಿಂದ ಎರಡನ್ನೂ ಮೇಲಕ್ಕೆತ್ತಿದೆ. ಅವಳ ಫ್ಲಾಪಿ ಇಟ್ಟೆ. ಕೆಂಪು ದೀಪ ಹತ್ತಿತು, ಗರಗರ ಸದ್ದಾಯಿತು, ದಿನಾ ಬರುತ್ತಿದ್ದ ಅಕ್ಷರಗಳು ಪರದೆಗೆ ಬಂದವು. ನಾನು ಕುಣಿದಾಡಿದೆ ಎಂದರೆ ಸುಳ್ಳಲ್ಲ. ಇಪ್ಪತ್ತು ವರ್ಷದಲ್ಲಿ ಯಾವ ರಿಪೇರಿಯೂ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಖುಷಿಯಲ್ಲೇ ಬಸ್‌ಸ್ಟ್ಯಾಂಡಿಗೆ ಓಡಿದೆ. ಹೇಳಿ ಕರೆದುಕೊಂಡು ಬರಬೇಕು ಎಂಬುದೇ ಮನಸ್ಸಿನಲ್ಲಿತ್ತು, ಇದನ್ನು ನಂಬಿರಿ. ಕುರುಗೋಡಿನ ಬಸ್ಸು ಇನ್ನೂ ನಿಂತಿತ್ತು. ಅವಳು ಕಿಟಕಿಯ ಪಕ್ಕ ಕೂತಿದ್ದಳು. ನನ್ನನ್ನು ಕಂಡು ಎದ್ದೇ ನಿಂತಳು.

"ಏನಣ್ಣಾ? ಸರಿ ಆತೇನು?"

ಬಾಯಿ ತೆರೆದೆ. ಸರಿ ಆಯಿತು ಎಂದರೆ ಹೇಗೆ ಎನ್ನುತ್ತಾಳೆ. ಹೇಗೆ ಎಂದರೆ ಕೆಡಿಸಿದವನು ನಾನು ಎನ್ನಬೇಕು. ಪ್ರಿನ್ಸಿಪಾಲರ ಮುಖ ನೆನಪಾಯಿತು. "ಲೇ ಮೆಕ್ಯಾನಿಕ್" ಎನ್ನುವ ದನಿ ಕೇಳಿಸಿತು.

"ಊಟ ಮಾಡಿದೇನವ್ವಾ?" ಎಂದು ಕೇಳಿದೆ.

"ಆತಣ್ಣಾ," ಎಂದು ಕೂತಳು. ಕಂಡಕ್ಟರು ಸೀಟಿ ಊದಿದ.

ಪ್ರಿನ್ಸಿಪಾಲರು ಬಂದು, ಓಡುತ್ತಿರುವ ಕಂಪ್ಯೂಟರು ನೋಡಿ ನನ್ನ ಎರಡೂ ಕೈ ಹಿಡಿದುಕೊಂಡರು. "ಏನಾಗಿತ್ತು?" ಎಂದರು. "ಒಳಗ ಒಂದು ತಂತಿ ಸಡಲಾಗಿತ್ರಿ," ಎಂದೆ. "ಫ್ಲಾಪಿ?" ಎಂದರು. "ಅವೂ ಸ್ವಲ್ಪ ಧೂಳು ಹಿಡಿದಿದ್ವು," ಎಂದೆ. ಆ ಎರಡನೆಯ ಸುಳ್ಳು ಯಾಕೆ ಹೇಳಿದೆನೋ ಇಂದಿಗೂ ತಿಳಿಯದು, ಮೊದಲನೆಯದೇ ಸಾಕಿತ್ತು. ಅಂದಿನಿಂದ "ಲೇ ಮೆಕ್ಯಾನಿಕ್" ಹೋಗಿ ನಾನು "ಮಾಸ್ತರ್ರು" ಆದೆ. ಒಂದು ತಿಂಗಳು ನನ್ನನ್ನೇ ಹೈದರಾಬಾದಿಗೆ ಕಲಿಯಲು ಕಳಿಸಿದರು. ಅವಳಿಗೆ ಕರೆ ಹೋಗಲಿಲ್ಲ. ಊರಲ್ಲಿ ಎಲ್ಲಿ ಕಂಪ್ಯೂಟರು ಮುನಿಸಿಕೊಂಡರೂ ನನ್ನನ್ನು ಕರೆಯುತ್ತಿದ್ದರು, ಡಾಕ್ಟರು ಎನ್ನುತ್ತಿದ್ದರು. ನಾನು ಹೋಗಿ ಮೊದಲು ಮುಚ್ಚಳ ತೆಗೆದು ಚೀಟಿ ಓದುತ್ತಿದ್ದೆ. ಅರ್ಧ ರೋಗ ಅಲ್ಲೇ ಸಿಗುತ್ತಿತ್ತು.

ಎರಡು ವರ್ಷದ ಮೇಲೆ ಸಿರುಗುಪ್ಪದಿಂದ ಕರೆ ಬಂತು. ಅಲ್ಲೊಂದು ಹೊಸ ಟೈಪಿಂಗ್ ಇನ್‌ಸ್ಟಿಟ್ಯೂಟು, ಅವರಲ್ಲೂ ನಮ್ಮದರಂಥದೇ ಹಳೆಯ ಕಂಪ್ಯೂಟರು. ತಂದಿಟ್ಟು ಎರಡು ದಿನವಾದರೂ ಏಳುತ್ತಿಲ್ಲವಂತೆ. ಕಾಲುವೆಯ ಪಕ್ಕದ ರಸ್ತೆಯಲ್ಲಿ, ಭತ್ತದ ಮೂಟೆಗಳ ಜೊತೆ ಬಸ್ಸಿನಲ್ಲಿ ಕೂತು, ಸೂಜಿ ಬ್ರಶ್ಶು ಹಿಡಿದುಕೊಂಡು ಹೋದೆ. ಮೆಟ್ಟಿಲು ಹತ್ತಿ ನೋಡಿದರೆ ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದವಳು ಅವಳೇ. ಮದುವೆಯಾಗಿ ಸಿರುಗುಪ್ಪಕ್ಕೆ ಬಂದಿದ್ದಳು. ಹಿಂದಿನ ಬೆಂಚಿನ ತನಕ ಹುಡುಗಿಯರು ಕೂತಿದ್ದರು.

"ಬರ್ರಿ ಅಣ್ಣಾ, ಬರ್ರಿ," ಎಂದಳು. "ನಿಮಗ ಸುಮ್ನ ತ್ರಾಸಾತು. ಮುಂಜಾನೆ ನಾನ ಮುಚ್ಚಳ ತಗದೆ. ಚೀಟಿ ಇತ್ತು, ಸ್ವಿಚ್ಚು ಇದ್ವು. ದಾರ್ಯಾಗ ಯಾವುದೋ ಒಂದು ಸರಿದಿತ್ತು, ತಳ್ಳಿದೆ. ಎದ್ದು ಕುಂತೈತಿ. ನೀವು ಚಾ ಕುಡೀರಿ."

ನಾನು ಕುರ್ಚಿಯ ಮೇಲೆ ಕೂತೆ. ಕೈಯಲ್ಲಿ ಸೂಜಿ ಇತ್ತು, ಎಲ್ಲಿಡುವುದು ತಿಳಿಯಲಿಲ್ಲ.

ಚಾ ಬಂತು. ಅವಳು ಎದುರಿಗೆ ಕೂತಳು. "ಚೀಟಿ ಓದ್ತಿದ್ದಂಗ ನಗು ಬಂತಣ್ಣಾ," ಎಂದಳು. "ದೀಪ ಹತ್ತವಲ್ದು ಅಂತ ಅವತ್ತು ಎಷ್ಟು ಬಡ್ಕಂಡೆ! ಆಯುಧಪೂಜಿ ದಿನ ನಿಮ್ಮನ್ನ ಬಿಟ್ರ ಮುಚ್ಚಳ ತಗದಾವ್ರು ಯಾರದಾರ? ನಮ್ಮಲ್ಲಿ ಮಾತ್ರ ವಿಭೂತಿ ಹೊರಗಷ್ಟ ಹಚ್ತೀವಿ ನೋಡ್ರಿ." ಹೀಗೆಂದು ನಿಜವಾಗಿಯೇ ನಕ್ಕಳು. ಆ ನಗೆಯಲ್ಲಿ ಚುಚ್ಚು ಇರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹಂಗಾರ ನಿನಗ..." ಎಂದು ಶುರುಮಾಡಿದೆ.

"ಒಂದು ವರ್ಷ ಮನ್ಯಾಗ ಕುಂತೆ," ಎಂದಳು, ನಗು ನಿಲ್ಲಿಸಿ. "ಅಪ್ಪಾ ಅವರು ದಿನಾ ಕೇಳೋರು, ಫ್ಲಾಪಿ ಯಾಕ ಊರಿಗೆ ತಂದಿ ಅಂತ. ಆ ಮಾತು ಒಂದು ಬ್ಯಾಸರ ಆಗಿತ್ತು ನೋಡ್ರಿ. ಬಿಡ್ರಿ, ಆತು."

ತಪ್ಪಾಯಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ, ಒಳ್ಳೆಯ ಗಳಿಗೆ ಯಾರಿಗೂ ಸಿಗುವುದಿಲ್ಲ. ಅವಳು ಬಾಗಿಲು ತೆರೆದು ನಿಂತ ಹಾಗಿತ್ತು. ನಾನು ಚಾ ಕುಡಿದು ಲೋಟ ಇಟ್ಟು, "ಚಾ ಭಾಳ ಚಲೋ ಐತಿ," ಎಂದೆ. ಆ ಕಡೆ ಒಬ್ಬ ವಿದ್ಯಾರ್ಥಿನಿ ಏನೋ ಸಂದೇಹ ಕೇಳಿದಳು, ಹೇಳಿಕೊಡಲು ಇವಳು ಎದ್ದು ಹೋದಳು. ನಾನು ಬಸ್ಸು ಹತ್ತಿದೆ.

ಇದಾದ ಮೇಲೆ ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಆಗ ಹಾಸಿಗೆ ಹಿಡಿದಿದ್ದರು. ಎಲ್ಲ ಕೇಳಿ, "ಆ ಹುಡುಗಿ ದೀಪದ ಮಾತು ಹೇಳಿತ್ತಲ್ಲೋ, ನಾನರ ಕೇಳಬೇಕಾಗಿತ್ತು," ಎಂದು ಅರ್ಧ ತಪ್ಪು ತಾವೇ ಹೊತ್ತುಕೊಂಡರು. ಹೆಂಡತಿಗೆ ಹೇಳಿದೆ, ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು, ಅದು ನ್ಯಾಯವೇ. ಕುರುಗೋಡಿಗೆ ಹೋಗಿ ಮಾಸ್ತರರ ಎದುರಿಗೂ ಹೇಳಿ ಬಂದೆ. ಮಗಳ ಫ್ಲಾಪಿಗಳು ಚೆನ್ನಾಗಿದ್ದವು ಎಂದು ಕೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು, ನನಗೆ ಒಗ್ಗರಣೆ ಮಂಡಕ್ಕಿ ತಿನ್ನಿಸಿ ಕಳಿಸಿದರು. ಸಂಬಂಧಪಟ್ಟ ಎಲ್ಲರಿಗೂ ಹೇಳಿದ್ದೇನೆ, ಒಬ್ಬರನ್ನು ಬಿಟ್ಟು. ಗೊತ್ತಿರುವವರಿಗೆ ಹೇಳುವುದೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತ ಇಷ್ಟು ವರ್ಷ ಕಳೆದೆ. ಗೊತ್ತಿರುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ. ನಾನು ತಪ್ಪಾಯಿತೆಂದು ಹೇಳದೆ ಉಳಿದದ್ದು ಆಕೆಗೆ: ಕುರುಗೋಡಿನ ಮಾಸ್ತರರ ಮಗಳಿಗೆ, ಸಿರುಗುಪ್ಪದ ಕಂಪ್ಯೂಟರ್ ಶಿಕ್ಷಕಿಗೆ, ನಮ್ಮ ಇನ್‌ಸ್ಟಿಟ್ಯೂಟಿಗೆ ಮೊದಲ ಕಂಪ್ಯೂಟರ್ ಮೇಡಂ ಆಗಬೇಕಾಗಿದ್ದವರಿಗೆ.